ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಧರ್ಮಕೇಂದ್ರಕ್ಕಾಗಿ ದುಡಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ನೆನೆಯುವುದು ಯುಕ್ತವೇ ಸರಿ. ಆ ಸಾಲಿಗೆ ಇನ್ನೊಂದು ಹೆಸರನ್ನು ಸೇರಿಸಲು ಬಯಸುತ್ತೇವೆ. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಚನ್ನಗಿರಿಯ ನಮ್ಮ ದೇವಾಲಯದಲ್ಲಿ ತಪಸ್ಸುಕಾಲದ ಸಂಜೆ ಗಾಯನವೃಂದದವರು ‘ಕರುಣಾಳು ಬಾ ಬೆಳಕೆ’ ಗೀತೆಯನ್ನು ಎತ್ತಿಕೊಂಡಾಗ ನಮ್ಮ ತುಟಿಗೆ ಬರುವುದು ಅವರ ಮಾತು.

ಗುರುಮಠದಲ್ಲಿದ್ದಾಗ ನಾವು ಕಾರ್ಡಿನಲ್ ನ್ಯೂಮನ್ನರನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆದವರು. ಆದರೂ ಈ ಕನ್ನಡ ಗೀತೆ ನಮ್ಮ ಯಾರೋ ಹಿರಿಯ ಗುರುಗಳ ರಚನೆಯೆಂದೇ ಬಹುಕಾಲ ನಂಬಿದ್ದೆವು. ಒಮ್ಮೆ ಪ್ರಬೋಧನೆಯಲ್ಲಿ ಹಾಗೆಂದು ಹೇಳಿಯೂ ಬಿಟ್ಟೆವು. ಪೂಜೆಯ ಬಳಿಕ ಶಾಲಾ ಉಪಾಧ್ಯಾಯರೊಬ್ಬರು ಬಂದು ವಿನಯದಿಂದಲೇ ತಿದ್ದಿದರು.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಜನಿಸಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಓದಿ, ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದು, 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ವರ್ಡ್ಸ್‌ವರ್ತ್, ಶೆಲ್ಲಿ, ಬೈರನ್, ಟೆನ್ನಿಸನ್ ಮೊದಲಾದ ಹತ್ತೊಂಬತ್ತನೆಯ ಶತಮಾನದ ಕವಿಗಳು ಅವರ ನಿತ್ಯದ ಅಧ್ಯಯನವಾಗಿದ್ದರು. ಅಂದು ಇಂಗ್ಲಿಷ್ ಬಲ್ಲವನಿಗೆ ಅನ್ನವೂ ಮರ್ಯಾದೆಯೂ ಅಲ್ಲಿಯೇ. ಕನ್ನಡವೋ, ಒಂದೆಡೆ ಹಳಗನ್ನಡದ ಪಂಡಿತರ ಸೊತ್ತಾಗಿ, ಇನ್ನೊಂದೆಡೆ ವಿದ್ಯಾವಂತರ ತಾತ್ಸಾರಕ್ಕೆ ಗುರಿಯಾಗಿ ಸೊರಗಿತ್ತು. ಇಂಗ್ಲಿಷಿನಿಂದಲೇ ಬದುಕುತ್ತಿದ್ದ ಈ ತರುಣ ಅಧ್ಯಾಪಕರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ನಿಂತು, ಕನ್ನಡವು ತಲೆಯೆತ್ತುವ ಬಗೆ ಯಾವುದೆಂದು ಉಪನ್ಯಾಸ ಮಾಡಿದರು.

ಅನಂತರ ಅವರು ತಾವೇ ಆ ಬಗೆಯನ್ನು ಮಾಡಿ ತೋರಿಸಿದರು. ಆ ಕವಿಗಳನ್ನು ಕನ್ನಡಕ್ಕೆ ತರುವಾಗ, ನಮ್ಮ ಕಾವ್ಯಕ್ಕೆ ಶತಮಾನಗಳಿಂದ ಅಂಟಿಕೊಂಡಿದ್ದ ಎರಡನೆಯ ಅಕ್ಷರದ ಪ್ರಾಸವನ್ನು ಕೈಬಿಟ್ಟರು. ಮೂರು, ನಾಲ್ಕು, ಐದು ಮಾತ್ರೆಗಳ ದೇಸಿ ನಡೆಯಿಂದಲೇ ಹೊಸ ಪದ್ಯಬಂಧಗಳನ್ನು ಕಟ್ಟಿದರು. ಸುಮಾರು ಅರವತ್ತು ಕವನಗಳ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಯಿತು. ಹೊಸಗನ್ನಡ ಕಾವ್ಯದ ಹಾದಿ ತಿರುಗಿದ್ದು ಅಲ್ಲಿ. ಕುವೆಂಪು ಅವರೂ ಮಹಾರಾಜ ಕಾಲೇಜಿನಲ್ಲಿ ಇವರ ಶಿಷ್ಯರು.

ನ್ಯೂಮನ್ನರ ಗೀತೆ ಆ ಸಂಕಲನದಲ್ಲಿದೆ. ಸಿಸಿಲಿಯಲ್ಲಿ ಜ್ವರದಿಂದ ಸಾವಿನಂಚಿಗೆ ಹೋಗಿ ಉಳಿದುಬಂದ ನ್ಯೂಮನ್, 1833ರ ಜೂನ್‌ನಲ್ಲಿ ಊರಿಗೆ ಮರಳುವ ದಾರಿಯಲ್ಲಿ, ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ ಅದನ್ನು ಬರೆದರು. ವಿಮೋಚನಾಕಾಂಡದ ಮೇಘಸ್ತಂಭ ಅವರ ಮನಸ್ಸಿನಲ್ಲಿತ್ತು. ಅವರು ಕಥೋಲಿಕರಾದದ್ದು 1845ರಲ್ಲಿ, ಅಂದರೆ ಗೀತೆ ಬರೆದು ಹನ್ನೆರಡು ವರ್ಷಗಳಾದ ಮೇಲೆ. ಸಂತಪದವಿ ದೊರೆತದ್ದು 2019ರಲ್ಲಿ. ಹೀಗೆ ಬರೆದವರೂ ಅಂದು ನಮ್ಮವರಲ್ಲ, ಕನ್ನಡಿಸಿದವರೂ ನಮ್ಮವರಲ್ಲ! ಇಂಗ್ಲಿಷಿನಲ್ಲಿ ದಯೆಯೆಂಬುದು ಬೆಳಕಿಗೆ ಒಂದು ವಿಶೇಷಣ ಮಾತ್ರ. ಶ್ರೀಕಂಠಯ್ಯನವರು ಬೆಳಕನ್ನೇ ಕರುಣಾಳು ಎಂದು ಕರೆದರು, ಕನ್ನಡಿಗನು ದೇವರನ್ನು ಕರೆಯುವ ಹಾಗೆ. ಮೂಲವನ್ನು ಬಲ್ಲ ನಮಗೆ ಇಲ್ಲಿ ಕನ್ನಡವೇ ಹೆಚ್ಚು ಹತ್ತಿರವೆನಿಸುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಗೆ ಜನಭಾಷೆಯ ಬಾಗಿಲು ತೆರೆದಾಗ, ಲತೀನಿನಲ್ಲಿ ಹಾಡಿ ರೂಢಿಯಾದ ನಮಗೆ ಕನ್ನಡ ಗೀತೆಗಳ ಕೊರತೆ ಬಹಳವಿತ್ತು. ಈ ಒಂದು ಗೀತೆ ಮಾತ್ರ ಆಗಲೇ ಸಿದ್ಧವಾಗಿ ಕಾದಿತ್ತು.

ಅವರ ‘ಅಶ್ವತ್ಥಾಮನ್’, ‘ಪಾರಸಿಕರು’ ನಾಟಕಗಳನ್ನೂ ಸಾಹಿತ್ಯ ಚರಿತ್ರೆ, ಛಂದಸ್ಸುಗಳನ್ನು ಕುರಿತ ಪ್ರಬಂಧಗಳನ್ನೂ ಇಲ್ಲಿ ವಿವರಿಸಲು ಸ್ಥಳವಿಲ್ಲ. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮಹಾರಾಜರು ‘ರಾಜಸೇವಾಸಕ್ತ’ ಎಂಬ ಬಿರುದಿತ್ತರು. ನಿವೃತ್ತರಾದ ಮೇಲೆ ವಿಶ್ರಾಂತಿಯನ್ನು ಬಯಸದೆ ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿ ಹೋದರು. ಅವರು ಮೊದಲು ಕನ್ನಡದ ಪರವಾಗಿ ದನಿಯೆತ್ತಿದ್ದ ಆ ಊರಿನಲ್ಲೇ 1946ರ ಜನವರಿ 5ರಂದು ತೀರಿಕೊಂಡರು. ಅರವತ್ತೆರಡು ತುಂಬಿ ಎರಡು ದಿನಗಳಾಗಿದ್ದವು.