ಸ್ವಯಂಸೇವಕರನ್ನು ರೂಪಿಸಿದ ವೈದ್ಯರು: ಡಾ. ನಾ. ಸು. ಹರ್ಡೀಕರ್

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಸಂತರ ಚರಿತ್ರೆಗಳಿಗೆ ಕೊರತೆಯಿರುವುದಿಲ್ಲ. ಆದುದರಿಂದ ನಮ್ಮ ಪಾಲಿನ ಪುಟಗಳನ್ನು ನಮ್ಮದೇ ಜಿಲ್ಲೆಯಲ್ಲಿ ದುಡಿದ, ನಮ್ಮ ಧರ್ಮಸಭೆಗೆ ಸೇರದಿದ್ದ ಒಬ್ಬ ಮಹನೀಯರಿಗೆ ಮೀಸಲಿಡಬೇಕೆಂದು ನಾವು ಬಯಸಿದೆವು. ಇದಕ್ಕೆ ಕಾರಣವುಂಟು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಯುವಜನರು ಎರಡು ವಾರವೋ ಒಂದು ತಿಂಗಳೋ ಪರದೇಶಗಳಿಗೆ ಸ್ವಯಂಸೇವೆಗಾಗಿ ಹೋಗಿಬರುವುದನ್ನು ಕೇಳುತ್ತಿದ್ದೇವೆ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೆ ನೆರೆ ನುಗ್ಗಿದಾಗ, ಊರೂರಿನ ತರುಣರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಓಡಿದುದನ್ನೂ ಕಂಡಿದ್ದೇವೆ. ಅಂಥ ನಾಲ್ಕು ದಿನದ ಸೇವೆಯಿಂದ ಯಾರಿಗೇನು ಲಾಭವೆಂದು ಹಿರಿಯರು ಕೆಲವರು ಮೂಗು ಮುರಿಯುತ್ತಾರೆ. ಈ ಪ್ರಶ್ನೆ ಹೊಸತಲ್ಲ. ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಹುಡುಕಿದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು.

ಅವರು ಹುಟ್ಟಿದ್ದು ಧಾರವಾಡದಲ್ಲಿ, 1889ರ ಮೇ 7ರಂದು. ಆ ಕಾಲದ ಉತ್ತರ ಕರ್ನಾಟಕದ ಅನೇಕ ವಿದ್ಯಾರ್ಥಿಗಳಂತೆ ಅವರೂ ಲೋಕಮಾನ್ಯ ತಿಲಕರ ಪ್ರಭಾವಕ್ಕೆ ಒಳಗಾದರು. ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1913ರಲ್ಲಿ ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕೆಗೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯ ಸಾರ್ವಜನಿಕ ಆರೋಗ್ಯ. ಶಸ್ತ್ರಚಿಕಿತ್ಸೆಯನ್ನೋ ಕಣ್ಣಿನ ವೈದ್ಯವನ್ನೋ ಕಲಿತು ಬಂದಿದ್ದರೆ ಹಣಕ್ಕೆ ಕೊರತೆಯಿರುತ್ತಿರಲಿಲ್ಲ. ಸಾರ್ವಜನಿಕ ಆರೋಗ್ಯವಾದರೋ ನೀರು, ಕೊಳಚೆ, ಪಾಯಖಾನೆ, ಸಾಂಕ್ರಾಮಿಕ ರೋಗಗಳ ಶಾಸ್ತ್ರ. ಸಾವಿರಾರು ಜನ ಒಂದೆಡೆ ನೆರೆದಾಗ ರೋಗ ಹರಡದಂತೆ ನೋಡಿಕೊಳ್ಳುವ ಶಾಸ್ತ್ರ. ಈ ವಿದ್ಯೆಯು ಮುಂದೆ ಬೆಳಗಾವಿಯ ಬಯಲಿನಲ್ಲಿ ಹೇಗೆ ಉಪಯೋಗಕ್ಕೆ ಬಂದಿತೆಂಬುದನ್ನು ಓದುಗರು ಊಹಿಸಬಹುದು.

ಅದೇ ವರ್ಷಗಳಲ್ಲಿ ಲಾಲಾ ಲಜಪತ ರಾಯರು ಅಮೆರಿಕೆಯಲ್ಲಿದ್ದರು. 1917ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಹೋಂ ರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅವರ ಬಲಗೈಯಾಗಿ ನಿಂತರು. ಭಾರತವೆಂದರೆ ಏನೆಂದು ಅರಿಯದ ಜನರ ಮುಂದೆ ಊರೂರು ತಿರುಗಿ ಮಾತನಾಡಿದರು. ಪರದೇಶದಲ್ಲಿ ಸೇವೆ ಮಾಡುವವನು ಮೊದಲು ಆ ದೇಶದವರ ಭಾಷೆ, ರೀತಿನೀತಿ, ಮನಸ್ಸು ಇವುಗಳನ್ನು ಅರಿತಿರಬೇಕೆಂಬ ಪಾಠವು ಅವರಿಗೆ ಅಲ್ಲಿಯೇ ದೊರೆತಿರಬೇಕೆಂದು ನಮ್ಮ ಊಹೆ. 1921ರಲ್ಲಿ ತಾಯ್ನಾಡಿಗೆ ಮರಳಿ ಹುಬ್ಬಳ್ಳಿಯಲ್ಲಿ ನೆಲೆಸಿದರು. ಹೋದವರೆಲ್ಲರೂ ಮರಳಿ ಬರುವುದಿಲ್ಲವೆಂಬುದನ್ನು, ಗಲ್ಫ್ ದೇಶಗಳಿಂದ ಬರುವ ಪತ್ರಗಳನ್ನು ಓದಿದ ನಮ್ಮ ಮನೆಗಳವರಿಗೆ ಹೇಳಬೇಕಾಗಿಲ್ಲ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಹರ್ಡೀಕರರು ಹುಬ್ಬಳ್ಳಿಯ ತಮ್ಮ ಸೇವಾಮಂಡಲದ ತರುಣರೊಡನೆ ಅಲ್ಲಿಗೆ ಹೋಗಿ ಸೆರೆಯಾದರು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುಗಡೆಯೆಂಬ ಆಮಿಷ ಎದುರಿಗಿದ್ದರೂ ಹುಬ್ಬಳ್ಳಿಯ ತಂಡವು ಅದಕ್ಕೆ ಒಪ್ಪಲಿಲ್ಲ. ಈ ದಾರ್ಢ್ಯವು ದೇಶದ ನಾಯಕರ ಕಣ್ಣಿಗೆ ಬಿದ್ದಿತು. ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ, ದೇಶಕ್ಕೆಲ್ಲ ಅನ್ವಯಿಸುವ ಸ್ವಯಂಸೇವಕ ಸಂಸ್ಥೆಯೊಂದು ಬೇಕೆಂಬ ಹರ್ಡೀಕರರ ವಿಚಾರಕ್ಕೆ ಬೆಂಬಲ ದೊರೆಯಿತು. ಹೀಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂರವರು ಅದರ ಮೊದಲ ಅಧ್ಯಕ್ಷರಾದರು. ದುಡಿಮೆಯ ಭಾರವೆಲ್ಲ ಹರ್ಡೀಕರರ ಹೆಗಲ ಮೇಲಿತ್ತು.

ಆದರೆ ಎಲ್ಲರೂ ಇದನ್ನು ಮೆಚ್ಚಲಿಲ್ಲ. ಸಮವಸ್ತ್ರ, ಕವಾಯತು, ಆಜ್ಞೆ, ಇವೆಲ್ಲ ಸೈನ್ಯದ ಲಕ್ಷಣಗಳಲ್ಲವೆ, ಅಹಿಂಸೆಯನ್ನು ವ್ರತವಾಗಿ ಸ್ವೀಕರಿಸಿದವರಿಗೆ ಇವು ತಕ್ಕುವೆ ಎಂದು ಶಂಕಿಸಿದವರಿದ್ದರು. ಆ ಶಂಕೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕವಾಯತಿನ ರುಚಿ ಹತ್ತಿದ ತರುಣರು ಏನಾಗಬಲ್ಲರೆಂಬುದನ್ನು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯುರೋಪು ಖಂಡವೇ ಕಂಡಿತು. ಹರ್ಡೀಕರರ ದೃಷ್ಟಿಯಾದರೋ ಬೇರೆ. ಅಲ್ಲಿಯವರೆಗೆ ಅಧಿವೇಶನ ನಡೆಯುವ ಊರಿನಲ್ಲಿ ಆಯಾ ವರ್ಷ ತರುಣರನ್ನು ಕೂಡಿಹಾಕಿ, ಕೆಲಸ ಮುಗಿದೊಡನೆ ಚದರಿಸಿಬಿಡುವುದು ವಾಡಿಕೆಯಾಗಿತ್ತು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಶಿಕ್ಷಣಕ್ಕಿತ್ತು. ನಮ್ಮ ಚರ್ಚಿನ ವಾರ್ಷಿಕ ಹಬ್ಬದ ದಿನ ಬಿಲ್ಲೆ ಧರಿಸಿ ನಿಂತ ಹುಡುಗರು ಮೆರವಣಿಗೆಯ ಹೊತ್ತಿಗೆ ಎಲ್ಲಿ ಮಾಯವಾಗುತ್ತಾರೆಂಬುದನ್ನು ಬಲ್ಲವರಿಗೆ ಹರ್ಡೀಕರರ ಚಿಂತೆ ಸುಲಭವಾಗಿ ಅರ್ಥವಾದೀತು.

ಅವರ ವಿಚಾರದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಬೆಳಗಾವಿಯಲ್ಲಿಯೇ. 1924ರ ಡಿಸೆಂಬರ್ 26 ಮತ್ತು 27ರಂದು ಟಿಳಕವಾಡಿಯ ಬಯಲಿನಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ್ದು ಅದೊಂದೇ ಅಧಿವೇಶನಕ್ಕೆ. ಗಂಗಾಧರರಾವ್ ದೇಶಪಾಂಡೆಯವರು ಸ್ವಾಗತದ ಹೊಣೆ ಹೊತ್ತಿದ್ದರು. ಬಯಲಿಗೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ದೊಡ್ಡ ಬಾವಿಯನ್ನು ತೋಡಿ ಅದಕ್ಕೆ ಪಂಪಾ ಸರೋವರವೆಂದರು. ಹಲಸಿಯವರಾದ ನಮಗೆ ಇಂಥ ಹೆಸರಿನ ಗೌರವ ಹೊಸದಲ್ಲ. ಕದಂಬರ ಕಾಲದಲ್ಲಿ ಪಲಾಶಿಕೆಯೆನಿಸಿದ್ದ ನಮ್ಮ ಊರಿನ ಹೆಸರನ್ನು ನಾವೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವಷ್ಟೆ. ಆದರೆ ಬರಿಯ ಹೆಸರಿನಿಂದ ಊರು ನಡೆಯದು. ಇಲ್ಲದ ಊರೊಂದನ್ನು ಕಟ್ಟಿ, ಕೆಲವು ದಿನ ನಡೆಸಿ, ಮತ್ತೆ ಬಿಚ್ಚಬೇಕಾಗಿತ್ತು. ಬಂದವರಿಗೆ ವಸತಿ, ಊಟ, ನೀರು, ರಾತ್ರಿಯ ಕಾವಲು, ಕಾಯಿಲೆಯಾದವರ ಆರೈಕೆ ಎಲ್ಲವೂ ಬೇಕು. ಸ್ವಯಂಸೇವಕರ ಮುಂದಾಳುತನ ಹರ್ಡೀಕರರದಾಯಿತು.

ಈ ಶಿಬಿರದಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವ ಸಂಗತಿಗಳು ಎರಡು. ಬೆಳಗಾವಿಯ ಸೀಮೆಗೆ ಸೇರಿದ ಕಾಕಾ ಕಾಲೇಲ್ಕರರು ಶುಚಿತ್ವದ ತಂಡದ ನಾಯಕರಾಗಿ, ಮಲಮೂತ್ರದ ಕುಳಿಗಳನ್ನು ಸ್ವಚ್ಛ ಮಾಡುವ ಕೆಲಸವನ್ನು ಮೇಲ್ಜಾತಿಯ ತರುಣರಿಂದಲೂ ಮಾಡಿಸಿದರು. ನೂರು ವರ್ಷಗಳ ಹಿಂದೆ ಇದು ಎಂಥ ಮಾತೆಂಬುದನ್ನು ಊಹಿಸಿಕೊಳ್ಳಬೇಕು. ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದಗಳನ್ನು ತೊಳೆಯುವ ನಾವು, ಅವು ಮೊದಲೇ ತೊಳೆದು ತಂದ ಪಾದಗಳೆಂಬುದನ್ನು ಬಲ್ಲೆವು. ಬೆಳಗಾವಿಯ ತರುಣರಿಗೆ ಅಂಥ ಅನುಕೂಲವಿರಲಿಲ್ಲ.

ಮತ್ತೊಂದು ಸಂಗತಿ ಉಮಾಬಾಯಿ ಕುಂದಾಪುರರವರದು. 1892ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ವಿವಾಹವಾಗಿ, 1923ರಲ್ಲಿ ಪತಿಯನ್ನು ಕಳೆದುಕೊಂಡ ಈ ಮಹಿಳೆಯನ್ನು ಅವರ ಮಾವನವರಾದ ಆನಂದರಾಯರು ಮನೆಯ ಮೂಲೆಗೆ ತಳ್ಳಲಿಲ್ಲ. ಹುಬ್ಬಳ್ಳಿಗೆ ಬಂದ ಉಮಾಬಾಯಿಯವರು ಹರ್ಡೀಕರರ ಸೂಚನೆಯಂತೆ ತಿಲಕ ಕನ್ಯಾಶಾಲೆಯನ್ನು ನೋಡಿಕೊಂಡರು, ಸೇವಾದಳದ ಮಹಿಳಾ ವಿಭಾಗದ ನಾಯಕತ್ವವನ್ನೂ ವಹಿಸಿದರು. ಅಧಿವೇಶನಕ್ಕೆ ಮೊದಲು ಕನ್ನಡನಾಡನ್ನೆಲ್ಲ ಸುತ್ತಿ ಸುಮಾರು 150 ಮಂದಿ ಮಹಿಳೆಯರನ್ನು ಕೂಡಿಸಿ ತಂದರು. ಅವರಲ್ಲಿ ವಿಧವೆಯರೂ ಇದ್ದರು. ಆ ಹೆಂಗಸರು ಬೆಳಗಾವಿಯಲ್ಲಿ ಇದ್ದದ್ದು ಅಲ್ಪಕಾಲ. ಅಷ್ಟರಲ್ಲಿ ಅವರು ಬಂದ ಅತಿಥಿಗಳಿಗೆ ಮಾಡಿದ ಉಪಕಾರ ದೊಡ್ಡದಿರಬಹುದು, ಚಿಕ್ಕದಿರಬಹುದು. ಆದರೆ ಹೊಸ್ತಿಲು ದಾಟಿ, ಶಿಬಿರದಲ್ಲಿ ಮಲಗಿ, ಅಪರಿಚಿತರ ನಡುವೆ ಹೊಣೆ ಹೊತ್ತು ಮರಳಿದ ಹೆಂಗಸು ಹೋದಾಗಿನ ಹೆಂಗಸಾಗಿ ಉಳಿದಿರಲಾರಳು. ಅಲ್ಪಕಾಲದ ಸೇವೆಯ ಲೆಕ್ಕವನ್ನು ಪಡೆದವರ ಕಡೆಯಿಂದ ಮಾತ್ರ ಹಾಕುವುದು ಸರಿಯಲ್ಲವೆಂದು ನಮಗೆ ತೋರುವುದು ಇಂಥ ಉದಾಹರಣೆಗಳಿಂದಲೇ.

ಬೆಳಗಾವಿಯ ತರುವಾಯ ಸೇವಾದಳವು ಬೇರೆ ಪ್ರಾಂತಗಳಿಗೂ ಹಬ್ಬಿತು. ಹುಬ್ಬಳ್ಳಿಯಿಂದ ದಿ ವಾಲಂಟಿಯರ್ ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಟಿತು. ಬಾಗಲಕೋಟೆಯಲ್ಲಿ ತರಬೇತಿಯ ಕೇಂದ್ರ ನಡೆಯಿತು; ದೂರದ ಪ್ರಾಂತಗಳವರೂ ಅಲ್ಲಿಗೆ ಬಂದು ಕಲಿತು ಹೋದರು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಧ್ವಜವಂದನೆ ಮಾಡುವ ಪದ್ಧತಿಯನ್ನು ಸೇವಾದಳ ಆರಂಭಿಸಿತು. (ಅದು ನಮ್ಮ ಬಲಿಪೂಜೆಯ ಹೊತ್ತೂ ಹೌದೆಂಬುದು ಬೇರೆ ಮಾತು.) 1931ರಲ್ಲಿ ಕಾಂಗ್ರೆಸ್ಸು ಸೇವಾದಳವನ್ನು ತನ್ನ ಅಂಗವಾಗಿ ಸ್ವೀಕರಿಸಿತು. ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದಾಗಲೂ ಸೇವಾದಳಕ್ಕೆ ಆ ಸೌಲಭ್ಯ ದೊರೆಯಲಿಲ್ಲ.

ನಿಷೇಧದಿಂದ ಸಂಸ್ಥೆ ನಿಂತೀತು, ಕಲಿತ ಕೈ ನಿಲ್ಲದು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಉಮಾಬಾಯಿಯವರು ಸ್ವಯಂಸೇವಕರೊಡನೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಹುಬ್ಬಳ್ಳಿಯವರಿಗೆ ಬಿಹಾರವೂ ಒಂದು ಪರದೇಶವೇ. ಮಾತು ಬೇರೆ, ಊಟ ಬೇರೆ. ಅದೇ ವರ್ಷ ಸಾವಿರಾರು ಮೈಲಿ ದೂರದ ಸ್ವಿಟ್ಜರ್ಲೆಂಡಿನಿಂದ ಪಿಯೇರ್ ಸೆರೆಸೋಲ್ ಎಂಬ ಎಂಜಿನಿಯರರು ಬಿಹಾರಕ್ಕೆ ಬಂದರು. ಮೊದಲ ಮಹಾಯುದ್ಧದಲ್ಲಿ ಹಾಳಾದ ವೆರ್ದನ್ ಪ್ರದೇಶದ ಎಸ್ನ್ ಎಂಬ ಹಳ್ಳಿಯಲ್ಲಿ, 1920ರಲ್ಲಿ, ಹಲವು ದೇಶಗಳ ಸ್ವಯಂಸೇವಕರ ಮೊದಲ ಶಿಬಿರವನ್ನು ನಡೆಸಿದವರು ಅವರು. ಸೈನಿಕ ಸೇವೆಗೆ ಬದಲಾಗಿ ಸಲಿಕೆ ಗುದ್ದಲಿಗಳ ಸೇವೆಯಿರಲೆಂಬುದು ಅವರ ಆದರ್ಶ. 1937ರವರೆಗೆ ಅವರೂ ಅವರ ಬೆರಳೆಣಿಕೆಯ ಸಂಗಡಿಗರೂ ಬಂದು ಹೋಗುತ್ತ, ಬಿಹಾರದ ಹಳ್ಳಿಗಳನ್ನು ಮತ್ತೆ ಕಟ್ಟುವುದರಲ್ಲಿ ನೆರವಾದರು. ಇಂದು ಪರದೇಶದ ಶಿಬಿರಗಳಿಗೆ ಹೊರಡುವ ನಮ್ಮ ತರುಣರು ಸೆರೆಸೋಲರು ತೆರೆದ ದಾರಿಯಲ್ಲಿಯೇ ನಡೆಯುತ್ತಿದ್ದಾರೆ. ಅವರು ಎಂಜಿನಿಯರರು, ಹರ್ಡೀಕರರು ಆರೋಗ್ಯಶಾಸ್ತ್ರ ಬಲ್ಲವರು. ಇಬ್ಬರೂ ಕೈಯಲ್ಲಿ ಒಂದು ವಿದ್ಯೆಯಿಟ್ಟುಕೊಂಡೇ ಸೇವೆಗೆ ಹೊರಟವರು.

ಹರ್ಡೀಕರರ ಬದುಕಿನ ಮತ್ತೊಂದು ಕೆಲಸವು ಅಲ್ಪಕಾಲದ್ದಲ್ಲ. 1929ರಲ್ಲಿ ಡಾ. ಕೋಕಟನೂರ ಮತ್ತು ಡಾ. ವೈದ್ಯ ಅವರೊಡಗೂಡಿ ನಮ್ಮ ಜಿಲ್ಲೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ಶಿಬಿರಗಳು ಕಟ್ಟಿದಂತೆಯೇ ಬಿಚ್ಚಿಹೋಗುವಂಥವು; ರೋಗಿಗಾದರೋ ನಾಳೆಯೂ ವೈದ್ಯರು ಬೇಕು. ಕೆಲವು ದಿನಗಳಿಗಾಗಿ ಬರುವವರನ್ನು ತರಬೇತುಗೊಳಿಸುವುದರಲ್ಲಿ ಆಯುಷ್ಯ ಸವೆಸಿದವರೇ, ಎಂದೆಂದಿಗೂ ಇರುವವರಿಗಾಗಿ ಒಂದು ಮನೆಯನ್ನೂ ಕಟ್ಟಿದರು. ನಮಗೆ ಅವರ ಬಾಳಿನಲ್ಲಿ ಬಹಳ ಹಿಡಿಸಿದ ಸಂಗತಿ ಇದು.

ಸ್ವಾತಂತ್ರ್ಯ ಬಂದ ಮೇಲೆ ಅವರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1975ರ ಆಗಸ್ಟ್ 26ರಂದು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿಯನ್ನು ಹೊರತಂದಿತು. ಉಮಾಬಾಯಿಯವರು ಮತ್ತಷ್ಟು ಕಾಲ ಬಾಳಿ, ಸರಕಾರದ ತಾಮ್ರಪತ್ರವನ್ನಾಗಲಿ ಪಿಂಚಣಿಯನ್ನಾಗಲಿ ಸ್ವೀಕರಿಸದೆ, 1992ರಲ್ಲಿ ಹುಬ್ಬಳ್ಳಿಯಲ್ಲಿ ನಿಧನರಾದರು. ವಿಜಯನಗರದ ಚಪ್ಪರಗಳು ಅಧಿವೇಶನದೊಡನೆ ಮುಗಿದವು. ನೀರಿಗೆಂದು ತೋಡಿದ ಬಾವಿಯನ್ನು ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಟಿಳಕವಾಡಿಯಲ್ಲಿ ಈಗಲೂ ಕಾಣಬಹುದು.