ಸಾಸೇಜ್ ತೋರಿಸಿ ಬಿಸ್ಮಾರ್ಕ್‌ರನ್ನೇ ಓಡಿಸಿದ ಡಾಕ್ಟರ್! ಸ್ಟೆಂಟ್‌ಗೂ ಇವರಿಗೂ ಏನು ಸಂಬಂಧ?

ಈ ಕಥೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಜರ್ಮನಿಯ ನಾಯಕ ಬಿಸ್ಮಾರ್ಕ್ ಒಬ್ಬ ಡಾಕ್ಟರನ್ನು ದ್ವಂದ್ವಯುದ್ಧಕ್ಕೆ ಕರೆದರಂತೆ. ಡಾಕ್ಟರ್ ಎರಡು ಸಾಸೇಜ್ ತಂದಿಟ್ಟು, ಒಂದರಲ್ಲಿ ರೋಗದ ಹುಳುಗಳಿವೆ, ಬೇಕಾದ್ದನ್ನು ಆರಿಸಿ ತಿನ್ನಿ ಎಂದರಂತೆ. ಬಿಸ್ಮಾರ್ಕ್ ಅಲ್ಲಿಂದ ಕಾಲ್ಕಿತ್ತರಂತೆ!

ಓದಲು ಮಜವಾಗಿದೆ. ಆದರೆ 1865ರಲ್ಲಿ ಬಿಸ್ಮಾರ್ಕ್ ಸವಾಲು ಹಾಕಿದ್ದು, ಡಾಕ್ಟರ್ ಒಪ್ಪದೇ ಇದ್ದದ್ದು ಮಾತ್ರ ನಿಜ. ಸಾಸೇಜ್ ಕಥೆಗೆ ಆ ಕಾಲದ ಆಧಾರವಿಲ್ಲ.

ಆ ಡಾಕ್ಟರ್ ರುಡಾಲ್ಫ್ ವಿರ್ಚೋ. ಹುಟ್ಟಿದ್ದು 1821ರಲ್ಲಿ, ಈಗ ಪೋಲೆಂಡ್‌ಗೆ ಸೇರಿರುವ ಒಂದು ಸಣ್ಣ ಊರಿನಲ್ಲಿ. ಬರ್ಲಿನ್‌ನಲ್ಲಿ ಓದಿ, ಅಲ್ಲಿನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದರು. ಸತ್ತವರ ಶ್ವಾಸಕೋಶದ ರಕ್ತನಾಳದಲ್ಲಿ ಆಗಾಗ ಹೆಪ್ಪುಗಟ್ಟಿದ ರಕ್ತ ಸಿಗುತ್ತಿತ್ತು. ರಕ್ತನಾಳದ ಉರಿಯೂತದಿಂದ ಅದು ಅಲ್ಲೇ ಹುಟ್ಟುತ್ತದೆ ಎಂದು ಆಗ ಹಲವರು ನಂಬಿದ್ದರು. ವಿರ್ಚೋ ಅವರಿಗೆ ಅನುಮಾನ ಬಂತು. ನಾಯಿಗಳ ಕತ್ತಿನ ರಕ್ತನಾಳಕ್ಕೆ ರಬ್ಬರ್ ಚೂರು, ರಕ್ತದ ಹೆಪ್ಪು ತೂರಿಸಿ ನೋಡಿದರು. ಅವು ಹೋಗಿ ಸಿಕ್ಕಿಕೊಂಡದ್ದು ಶ್ವಾಸಕೋಶದಲ್ಲಿ! ಅಂದರೆ ಕಾಲಿನಲ್ಲಿ ಹುಟ್ಟಿದ ಹೆಪ್ಪು ರಕ್ತದ ಜೊತೆ ತೇಲಿ ಹೋಗಿ ಪ್ರಾಣ ತೆಗೆಯಬಲ್ಲದು. (ನಾಯಿಗಳ ಪಾಡು ಕೇಳಬೇಡಿ, ಅದು ಆ ಕಾಲ.)

1848ರಲ್ಲಿ ಟೈಫಸ್ ಜ್ವರದ ತನಿಖೆಗೆ ಹೋಗಿ, ಬಡತನವೇ ರೋಗದ ಬೇರು ಎಂದು ವರದಿ ಕೊಟ್ಟು ಸರ್ಕಾರದ ಕೆಂಗಣ್ಣಿಗೆ ಗುರಿಯಾದರು. ಮುಂದೆ ಬರ್ಲಿನ್‌ಗೆ ಒಳಚರಂಡಿ ಬರಲು ದುಡಿದರು. ತಪ್ಪೂ ಮಾಡಿದರು: ರೋಗಾಣುಗಳ ವಿಷಯವನ್ನು ಬಹುಕಾಲ ಅನುಮಾನಿಸಿದರು. 1902ರಲ್ಲಿ ಟ್ರಾಮ್‌ನಿಂದ ಬಿದ್ದು ತೊಡೆಮೂಳೆ ಮುರಿದು, ಕೆಲವು ತಿಂಗಳಲ್ಲೇ ತೀರಿಕೊಂಡರು.

ಈಗ ಸ್ಟೆಂಟ್‌ಗೆ ಬರೋಣ. ರಕ್ತನಾಳದ ಗೋಡೆ, ರಕ್ತದ ಹರಿವು, ರಕ್ತದ ಗುಣ, ಈ ಮೂರರಲ್ಲಿ ಏರುಪೇರಾದರೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಇಂದು ಅವರ ಹೆಸರಿನಲ್ಲೇ ಕಲಿಸುತ್ತಾರೆ. ಹೆಸರಿಟ್ಟವರು ಮಾತ್ರ ನಂತರದವರು. ಸ್ಟೆಂಟ್ ಅಂದರೆ ಹೃದಯದ ರಕ್ತನಾಳದೊಳಗಿನ ಲೋಹದ ಬಲೆ. 1986ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಹಾಕಿದರು. ರಕ್ತಕ್ಕೆ ಅದು ಅಪರಿಚಿತ ಗೋಡೆ. ಡೆಂಗಿ ಬಂದಾಗ ಎಣಿಸುತ್ತಾರಲ್ಲ, ಆ ಪ್ಲೇಟ್‌ಲೆಟ್‌ಗಳು ಬಂದು ಅದಕ್ಕೆ ಅಂಟಿಕೊಳ್ಳುತ್ತವೆ.

ಹಾಗಾಗಿ ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಕೊಳವೆಯೊಳಗೆ ಸ್ಟೆಂಟ್ ಇಟ್ಟು, ದಾನಿಗಳ ರಕ್ತ ತುಂಬಿ, ಕೊಳವೆಯನ್ನು ಬಳೆಯಂತೆ ಜೋಡಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿರುಗಿಸುತ್ತಾರೆ. ಆಮೇಲೆ ರಕ್ತದಲ್ಲಿ ಎಷ್ಟು ಪ್ಲೇಟ್‌ಲೆಟ್ ಉಳಿದಿವೆ ಎಂದು ಎಣಿಸುತ್ತಾರೆ. ಕಡಿಮೆಯಾದಷ್ಟೂ ಅನುಮಾನ ಸ್ಟೆಂಟ್ ಮೇಲೆ! ಜೊತೆಗೆ ಸ್ಟೆಂಟ್‌ಗೆ ಅಂಟಿದ ಹೆಪ್ಪನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ದೇಹದೊಳಗೆ ಈ ಲೋಹದ ಮೇಲೆ ನಮ್ಮದೇ ಜೀವಕೋಶಗಳ ಪದರ ಬೆಳೆಯಲು ಸಮಯ ಬೇಕು. ಔಷಧ ಲೇಪಿಸಿದ ಸ್ಟೆಂಟ್‌ನಲ್ಲಿ ಇನ್ನೂ ನಿಧಾನ. ಅಲ್ಲಿಯವರೆಗೆ ಕಾಯುವುದು ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆಗಳು. ಬೆಳ್ಳುಳ್ಳಿ ಕಷಾಯದ ಫಾರ್ವರ್ಡ್ ನೋಡಿ ಅವನ್ನು ಬಿಡಬೇಡಿ. ಹಲ್ಲು ಕೀಳಿಸಬೇಕಾದರೂ ಮಾತ್ರೆ ನಿಲ್ಲಿಸುವ ಮೊದಲು ಹೃದಯದ ಡಾಕ್ಟರನ್ನು ಕೇಳಿ.