ಕೊನೆಯ ಮಾತು ಯಾರದು?

1970ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಕೆಲಸ ಕಳೆದುಕೊಂಡಾಗ ಅವರಿಗೆ 32 ವರ್ಷ. ಷಿಕಾಗೊದ ವಿಮಾ ಕಂಪನಿಯೊಂದರಲ್ಲಿ ಅಂಡರ್‌ರೈಟರ್ ಆಗಿದ್ದರು. ಹೈಸ್ಕೂಲನ್ನೂ ಪೂರ್ತಿ ಮಾಡಿರಲಿಲ್ಲ. ಮನೆಯಲ್ಲಿ ಹೆಂಡತಿ, ಐವರು ಮಕ್ಕಳು. ಹೊಟ್ಟೆಪಾಡಿಗೆ ಶೂ ರಿಪೇರಿ ಮಾಡತೊಡಗಿದರು. ಬಿಡುವಾದಾಗ ಆಟಗಳಿಗೆ ನಿಯಮ ಬರೆಯುತ್ತಿದ್ದರು. ಆ ಹುಚ್ಚೇ ಮುಂದೆ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಯಿತು. ನಾವು ಮೊಬೈಲ್ ಗೇಮ್‌ಗಳಲ್ಲಿ ಲೆವೆಲ್ ಏರುವ ಪದ್ಧತಿಗೆ ಬೇರು ಅಲ್ಲೇ ಇದೆ.

ಗೈಗ್ಯಾಕ್ಸ್ ಹುಟ್ಟಿದ್ದು 1938ರಲ್ಲಿ, ಷಿಕಾಗೊದಲ್ಲಿ. ತಂದೆ ಸ್ವಿಟ್ಜರ್ಲೆಂಡ್‌ನಿಂದ ಬಂದ ಪಿಟೀಲು ವಾದಕ. ಬೆಳೆದದ್ದು ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ. ಚಿಕ್ಕಂದಿನಿಂದಲೂ ಚೆಸ್, ಸಾಹಸ ಕಥೆಗಳು, ಯುದ್ಧದ ಆಟಗಳೆಂದರೆ ಪ್ರಾಣ.

ಅವರ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್. ಗುಹೆ, ರಾಕ್ಷಸ, ನಿಧಿ ಎಲ್ಲವನ್ನೂ ವರ್ಣಿಸುವವರು ಅವರೇ. ಉಳಿದವರು ತಲಾ ಒಂದು ಪಾತ್ರವಾಗಿ ತಾವೇನು ಮಾಡುತ್ತೇವೆ ಎಂದು ಹೇಳುತ್ತಾರೆ. ಅದು ಫಲಿಸಿತೇ ಎಂಬುದನ್ನು ದಾಳ ಮತ್ತು ಮಾಸ್ಟರ್ ಸೇರಿ ತೀರ್ಮಾನಿಸುತ್ತಾರೆ. ಹಾಗಾದರೆ ಕಥೆ ಯಾರದು? ಮಾಸ್ಟರ್‌ದೋ, ಆಟಗಾರರದೋ?

ಈ ಪ್ರಶ್ನೆ ಗೈಗ್ಯಾಕ್ಸ್‌ಗಿಂತ ಹಳೆಯದು. ಯುದ್ಧದ ಆಟಗಳಲ್ಲಿ ಮೊದಲಿನಿಂದಲೂ ಒಬ್ಬ ರೆಫರಿ ಇರುತ್ತಿದ್ದ. 1960ರ ದಶಕದ ಕೊನೆಗೆ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ನಡೆಸಿದ ಆಟವೊಂದರಲ್ಲಿ ಆಟಗಾರರು ನಿಯಮದಲ್ಲಿಲ್ಲದ್ದನ್ನೆಲ್ಲ ಮಾಡಲು ಹೊರಟರು. ವೆಸ್ಲಿ ಬೇಡವೆನ್ನದೆ ಸ್ಥಳದಲ್ಲೇ ತೀರ್ಪು ಕೊಡುತ್ತ ಹೋದರು. ಅವರ ಬಳಗದ ಡೇವ್ ಆರ್ನೆಸನ್ ಅದೇ ದಾರಿಯನ್ನು ಕೋಟೆ, ನೆಲಮಾಳಿಗೆಗಳ ಲೋಕಕ್ಕೆ ಒಯ್ದರು. 1972ರ ಕೊನೆಗೆ ಅವರು ಲೇಕ್ ಜಿನೀವಾಕ್ಕೆ ಬಂದು ಆ ಆಟ ಆಡಿಸಿದಾಗ ಗೈಗ್ಯಾಕ್ಸ್ ಬೆರಗಾದರು. ಕೂಡಲೇ ನಿಯಮ ಬರೆಯಲು ಕುಳಿತರು. ಅವರ ಮೊದಲ ಆಟಗಾರರು ಸ್ವಂತ ಮಕ್ಕಳಿಬ್ಬರು.

ಪ್ರಕಾಶಕರು ಆಸಕ್ತಿ ತೋರಲಿಲ್ಲ. 1973ರಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಸೇರಿ ಟಿಎಸ್‌ಆರ್ ಎಂಬ ಕಂಪನಿ ತೆರೆದರು. ಸ್ವಲ್ಪದರಲ್ಲೇ ಬ್ರಯಾನ್ ಬ್ಲೂಮ್ ಹಣ ಹಾಕಿ ಪಾಲುದಾರರಾದರು. 1974ರಲ್ಲಿ 1,000 ಪ್ರತಿ ಅಚ್ಚಾಯಿತು. ವರ್ಷದೊಳಗೆ ಎಲ್ಲವೂ ಖಾಲಿ.

ಆ ಮೊದಲ ಪುಸ್ತಿಕೆಗಳಲ್ಲಿ ಸಾಕಷ್ಟು ಖಾಲಿ ಜಾಗ ಇತ್ತು. ಬೇಕಾದಂತೆ ಬದಲಿಸಿಕೊಳ್ಳಲು ಗೈಗ್ಯಾಕ್ಸ್ ಅವರೇ ಅವಕಾಶ ಕೊಟ್ಟಿದ್ದರು. ಆಟ ಹಬ್ಬಿದಂತೆ ಊರಿಗೊಂದು ನಿಯಮವಾಯಿತು. ಸ್ಪರ್ಧೆಗಳಲ್ಲಿ ಇದು ತಲೆನೋವು. ಒಂದು ಮೇಜಿನಲ್ಲಿ ಬದುಕಿಸಿದ ನಡೆ ಇನ್ನೊಂದರಲ್ಲಿ ಸಾಯಿಸಿದರೆ ಗೆದ್ದವರು ಯಾರು? ಹಾಗಾಗಿ ಅವರು ದಪ್ಪ ನಿಯಮಗ್ರಂಥಗಳನ್ನು ಬರೆದರು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಮೇಜಿನ ಮೇಲಿನ ಕೊನೆಯ ಮಾತನ್ನು ಮಾಸ್ಟರ್‌ಗೆ ಕೊಟ್ಟಿತು. ಅದೇ ಕಾಲದಲ್ಲಿ, ನಿಯಮ ಬದಲಿಸಿ ಆಡುವವರು ಆಡುತ್ತಿರುವುದು ತಮ್ಮ ಆಟವೇ ಅಲ್ಲ ಎಂದೂ ಗೈಗ್ಯಾಕ್ಸ್ ವಾದಿಸಿದರು. ಅಂದರೆ ಮಾಸ್ಟರ್‌ನ ಮೇಲೊಬ್ಬ ಮಾಸ್ಟರ್ ಆಗಲು ಹೊರಟರು.

ಆದರೆ ಆ ಅಧಿಕಾರಕ್ಕೆ ಮಿತಿ ಇತ್ತು. ಮಾಸ್ಟರ್ ಒಂದೇ ಮಾತಿನಲ್ಲಿ ಎಲ್ಲ ಪಾತ್ರಗಳನ್ನೂ ಕೊಲ್ಲಬಹುದು. ಅನ್ಯಾಯ ಎನಿಸಿದರೆ ಆಟಗಾರರು ಎದ್ದು ಹೋಗಬಹುದು. ಮುಂದಿನ ವಾರ ಅವರು ಬಾರದಿದ್ದರೆ ಮಾಸ್ಟರ್ ಬಳಿ ಉಳಿಯುವುದು ದಾಳ ಮತ್ತು ಪುಸ್ತಕ ಮಾತ್ರ. ಜನ ಒಪ್ಪಿ ಕೊಟ್ಟಷ್ಟೇ ಅವರ ಅಧಿಕಾರ.

ಕಂಪನಿಯ ಮೇಜಿನಲ್ಲಿ ಲೆಕ್ಕ ಬೇರೆ ಇತ್ತು. 1975ರಲ್ಲಿ ಡಾನ್ ಕೇ ಹಠಾತ್ತನೆ ತೀರಿಕೊಂಡರು. ಬರಬರುತ್ತ ಹೆಚ್ಚಿನ ಷೇರುಗಳು ಬ್ಲೂಮ್ ಕುಟುಂಬದ ಕೈಸೇರಿದವು. ರಾಯಲ್ಟಿ ವಿಚಾರವಾಗಿ ಆರ್ನೆಸನ್ 1979ರಲ್ಲಿ ಮೊಕದ್ದಮೆ ಹೂಡಿದರು, 1981ರಲ್ಲಿ ರಾಜಿಯಾಯಿತು. ಕಂಪನಿ ಬೆಳೆಯಿತು, ಸಾಲವೂ ಬೆಳೆಯಿತು. 1985ರಲ್ಲಿ ಬ್ಲೂಮ್ ಕುಟುಂಬ ತನ್ನ ಷೇರುಗಳನ್ನು ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿದಾಗ ಗೈಗ್ಯಾಕ್ಸ್ ಹಿಡಿತ ತಪ್ಪಿತು. ಮರುವರ್ಷ ಕಂಪನಿ ಬಿಟ್ಟರು. ತಾವೇ ಬೆಳೆಸಿದ ಆಟದ ಬಗ್ಗೆ ಅವರದು ಕೊನೆಯ ಮಾತಾಗಿ ಉಳಿಯಲಿಲ್ಲ.

ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಹೊಸ ಆಟಗಳನ್ನು ರೂಪಿಸಿದರು, ಕಾದಂಬರಿ ಬರೆದರು, ಮನೆಯಲ್ಲಿ ಗೆಳೆಯರನ್ನು ಕೂರಿಸಿಕೊಂಡು ಆಟ ಆಡಿಸಿದರು. 2008ರ ಮಾರ್ಚ್ 4ರಂದು ಲೇಕ್ ಜಿನೀವಾದಲ್ಲೇ ತೀರಿಕೊಂಡರು.

ನಾಳೆ ನೀವು ಕಾಲೇಜು ಫೆಸ್ಟ್‌ನ ಸಂಚಾಲಕರಾಗಬಹುದು, ಆಫೀಸಿನಲ್ಲಿ ಟೀಮ್ ಲೀಡರ್ ಆಗಬಹುದು. ಕೊನೆಯ ಮಾತು ನಿಮ್ಮದೇ ಇರಲಿ, ಆದರೆ ಮುಂದಿನ ವಾರವೂ ಜನ ನಿಮ್ಮ ಮೇಜಿಗೆ ಬರುವಂತಿರಲಿ. ಗೆಳೆಯರೊಡನೆ ಕಂಪನಿ ಕಟ್ಟುವವರಿದ್ದರೆ ಯಾರ ಪಾಲು ಎಷ್ಟು, ಒಬ್ಬರು ಇಲ್ಲವಾದರೆ ಅವರ ಪಾಲು ಯಾರಿಗೆ ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.